ಸೌಂಡ್ ಚೆನ್ನಾಗಿದೆ, ಆದ್ರೆ ಕುಣಿಸಲ್ಲ: ಜಾಝ್ ಮತ್ತು ಆಫ್ರೋ-ಕ್ಯೂಬನ್ ಡ್ರಮ್ ರೆಕಾರ್ಡಿಂಗ್‌ಗೆ ದೋಷ ನಿವಾರಣೆ ಕೈಪಿಡಿ

ಈ ಬಗೆಯ ಡ್ರಮ್ ರೆಕಾರ್ಡ್ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ. ಪ್ರತಿ ಪೆಟ್ಟೂ ಸ್ಪಷ್ಟವಾಗಿ ಕೇಳುತ್ತದೆ, ಎಲ್ಲೂ ಒಡೆದಿಲ್ಲ, ಆದರೆ ಗ್ರೂವ್, ಅಂದರೆ ಮೈ ಕುಣಿಸುವ ಲಯದ ಓಟ, ಹಿಡಿಯುವುದಿಲ್ಲ. ಆಮೇಲೆ ಶುರುವಾಗುತ್ತದೆ ಈಕ್ಯೂ (ತಗ್ಗು, ಎತ್ತರದ ಸದ್ದನ್ನು ಹೆಚ್ಚುಕಡಿಮೆ ಮಾಡುವಂಥದ್ದು) ತಿರುಗಿಸುವುದು, ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವಂಥದ್ದು) ಬದಲಿಸುವುದು. ಕೊನೆಗೆ ಹೊಸ ಮೈಕ್‌ಗೆ ದುಡ್ಡು ಹೊಂದಿಸುವುದು.

ಮೈಕ್ ಕೊಳ್ಳುವ ಮೊದಲು ಇದನ್ನು ಓದಿ. ನಾನು ನೋಡಿದ ಇಂಥ ದೂರುಗಳಲ್ಲಿ ಜಾಸ್ತಿ ಪಾಲು ಸೌಂಡಿನದ್ದಲ್ಲ, ಕಾಲದ್ದು. ಅದಕ್ಕೇ ಇಲ್ಲಿನ ಕ್ರಮ ಹೀಗಿದೆ: ಮೊದಲು ಲಯ, ಆಮೇಲೆ ಮೈಕ್, ಕೊನೆಗೆ ಕರೆಂಟು ಮತ್ತು ಫೈಲು.

ದೋಷ ಯಾವ ಕಡೆ ಇದೆ ಅಂತ ಮೊದಲು ಗುರುತಿಸಿ

ಪ್ಲಗಿನ್ (ಸೌಂಡ್ ತಿದ್ದುವ ಸಾಫ್ಟ್‌ವೇರ್) ಎಲ್ಲವನ್ನೂ ಬೈಪಾಸ್ ಮಾಡಿ. ಒಂದು ಓವರ್‌ಹೆಡ್ ಮೈಕ್ (ಕಿಟ್‌ನ ಮೇಲೆ ನಿಲ್ಲಿಸುವ ಮೈಕ್) ಬಿಟ್ಟು ಉಳಿದ ಟ್ರ್ಯಾಕ್‌ಗಳನ್ನು ಮ್ಯೂಟ್ ಮಾಡಿ. ಮೊನೊದಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿ ಕೇಳಿ. ಜೋರಾಗಿ ಕೇಳಿದರೆ ಕಿಕ್‌ನ (ಕಾಲಿನಲ್ಲಿ ನುಡಿಸುವ ದೊಡ್ಡ ಡ್ರಮ್ಮಿನ) ಗುದ್ದು ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಒಂದೇ ಮೈಕ್‌ನಲ್ಲೂ ಗ್ರೂವ್ ಕುಂಟುತ್ತಿದ್ದರೆ ದೋಷ ನುಡಿಸಿದ್ದರಲ್ಲಿ ಅಥವಾ ಎಡಿಟ್‌ನಲ್ಲಿ ಇದೆ. ಯಾವ ಮೈಕ್ ತಂದರೂ ಅದು ಹೋಗುವುದಿಲ್ಲ. ಒಂದೇ ಮೈಕ್‌ನಲ್ಲಿ ಜೀವ ಇದ್ದು, ಎಲ್ಲ ಮೈಕ್ ತೆರೆದ ಕೂಡಲೇ ಸೊರಗಿದರೆ ಅದು ಫೇಸ್ ಸಮಸ್ಯೆ, ಅಂದರೆ ಒಂದೇ ಸದ್ದು ಬೇರೆ ಬೇರೆ ಹೊತ್ತಿಗೆ ಮೈಕ್‌ಗಳಿಗೆ ತಲುಪಿ ಒಂದನ್ನೊಂದು ಅಳಿಸುವುದು. ಡ್ರಮ್ ಕಿಟ್ ಮಾತ್ರ ಕೇಳಿದಾಗ ಸರಿ ಇದ್ದು, ಆಮೇಲೆ ನುಡಿಸಿ ಸೇರಿಸಿದ ಕಾಂಗಾ (ಕೈಯಲ್ಲಿ ನುಡಿಸುವ ಉದ್ದ ಡ್ರಮ್) ಅಥವಾ ಕೌಬೆಲ್ (ಕಡ್ಡಿಯಲ್ಲಿ ಬಾರಿಸುವ ಲೋಹದ ಗಂಟೆ) ಜೊತೆಗೆ ಕೆಟ್ಟರೆ ಎರಡು ಸಾಧ್ಯತೆ: ಕ್ಲಾವೆ (ಕ್ಯೂಬನ್ ಲಯದ ಮೂಲ ಅಚ್ಚು) ಅಡ್ಡ ಬಿದ್ದಿದೆ, ಇಲ್ಲವೇ ಲೇಟೆನ್ಸಿ (ಮೆಷಿನ್‌ನಿಂದಾಗುವ ತಡ) ಇದೆ. ಪ್ಲಗಿನ್ ಆನ್ ಮಾಡಿದಾಗ ಮಾತ್ರ ಸಾಯುತ್ತಿದ್ದರೆ ಗೇಟ್ (ಸಣ್ಣ ಸದ್ದನ್ನು ಮುಚ್ಚಿಹಾಕುವ ಪ್ಲಗಿನ್) ಅಥವಾ ಕಂಪ್ರೆಸರ್ ಮೇಲೆ ಅನುಮಾನ ಪಡಿ.

ಈ ಒಂದು ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ.

ಕ್ಲಾವೆ ಅಡ್ಡ ಬಿದ್ದಿದೆ

ಲಕ್ಷಣ: ಟೆಂಪೋ ಸರಿ ಇದೆ, ಪೆಟ್ಟುಗಳು ಗ್ರಿಡ್ (ಸಾಫ್ಟ್‌ವೇರ್‌ನ ಲಯದ ಗೆರೆಗಳು) ಮೇಲೇ ಇವೆ, ಆದರೂ ಏನೋ ಎಡವುತ್ತದೆ. ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕ್ಯೂಬನ್ ಸಂಗೀತಗಾರರು ಇದನ್ನು 'ಕ್ರುಸಾಡೊ' ಅನ್ನುತ್ತಾರೆ.

ಕ್ಲಾವೆ ಎಂದರೆ ಎರಡು ಬಾರ್‌ಗಳಲ್ಲಿ (ಬಾರ್ ಅಂದರೆ ನಾಲ್ಕು ಬೀಟ್‌ನ ಒಂದು ಸುತ್ತು) ಹರಡಿದ ಐದು ಪೆಟ್ಟು. ಒಂದು ಬಾರ್‌ನಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಬಾರ್‌ಗೆ ಎಂಟರಂತೆ 16 ಮಾತ್ರೆ ಎಣಿಸಿದರೆ 3-2 ಸೋನ್ ಕ್ಲಾವೆ (ಸೋನ್, ರುಂಬಾ ಎರಡೂ ಕ್ಯೂಬಾದ ಸಂಗೀತ ಶೈಲಿಗಳು) 1, 4, 7, 11, 13ನೇ ಮಾತ್ರೆಗಳಲ್ಲಿ ಬೀಳುತ್ತದೆ:

ಟಕ್ – – ಟಕ್ – – ಟಕ್ – | – – ಟಕ್ – ಟಕ್ – – –

ಮೃದಂಗ, ಖಂಜಿರ ಕಲಿತವರಿಗೆ ಇದು ಇನ್ನೂ ಸುಲಭ. 'ತಕಿಟ ತಕಿಟ ತಕದಿಮಿ ತಕ ತಕದಿಮಿ' ಅಂತ ಹೇಳಿ, ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಹೊಡೆಯಿರಿ. ಬಂದಿದ್ದೇ 3-2 ಸೋನ್ ಕ್ಲಾವೆ. ರುಂಬಾ ಕ್ಲಾವೆಯಲ್ಲಿ ಮೂರನೇ ಪೆಟ್ಟು ಮಾತ್ರ ಒಂದು ಮಾತ್ರೆ ತಡ, 7ರ ಬದಲು 8. ಅಂದರೆ 'ತಕಿಟ ತಕದಿಮಿ ತಕಿಟ ತಕ ತಕದಿಮಿ'. 2-3 ಅಂದರೆ ಎರಡರ ಕಡೆಯಿಂದ ಶುರು: 3, 5, 9, 12, 15.

ಮೂರರ ಕಡೆ ಯಾವುದು, ಎರಡರ ಕಡೆ ಯಾವುದು ಅನ್ನುವುದು ಹಾಡಿನ ಉದ್ದಕ್ಕೂ ಬದಲಾಗಬಾರದು. ಕಾಸ್ಕರಾ (ಡ್ರಮ್ಮಿನ ಮೈ ಮೇಲೆ ಕಡ್ಡಿಯಲ್ಲಿ ನುಡಿಸುವ ಲಯ), ಕೌಬೆಲ್, ಕಿಕ್, ಬೇಸ್, ಪಿಯಾನೊ ಎಲ್ಲ ಅದನ್ನು ನೋಡಿಕೊಂಡೇ ಕೂರುತ್ತವೆ. ಒಂದು ವಾದ್ಯ ತಿರುಗಿ ಕೂತರೂ ಸಾಕು, ಗ್ರೂವ್ ಕೆಟ್ಟಿತು. ನಮ್ಮಲ್ಲಿ ತಾಳ ಕಲಿತವರು ಇಲ್ಲೇ ಎಡವುವುದು ಜಾಸ್ತಿ. ನಮಗೆ ಸಮ ಸಿಕ್ಕರೆ ಸಾಕು ಅನ್ನಿಸುತ್ತದೆ. ಇಲ್ಲಿ ಸಮ ಸಿಕ್ಕರೂ ಕಡೆ ತಪ್ಪಿರಬಹುದು.

ಪರೀಕ್ಷೆ: ಹೊಸ ಟ್ರ್ಯಾಕ್ ತೆಗೆದು ಹಾಡಿನ ಮೊದಲಿನಿಂದ ಕೊನೆವರೆಗೆ ಒಂದು ಕ್ಲಾವೆ ಸ್ಯಾಂಪಲ್ ಹಾಕಿ. ಕಡ್ಡಿಯ ಸದ್ದು ಯಾವುದಾದರೂ ಸರಿ. ಅದರ ಮೇಲೆ ಡ್ರಮ್ಮರ್ ನುಡಿಸಿದ ಕಾಸ್ಕರಾ ಕೇಳಿ. 3-2ರಲ್ಲಿ ಸಾಮಾನ್ಯ ಕಾಸ್ಕರಾ ಬೀಳುವುದು 1, 3, 4, 6, 8, 9, 11, 13, 14, 16ರಲ್ಲಿ. ಈಗ ಸುಮ್ನೆ ಎಣಿಸಿ. ಸೋನ್ ಕ್ಲಾವೆಯ ಐದು ಪೆಟ್ಟಿನಲ್ಲಿ ನಾಲ್ಕು ಕಾಸ್ಕರಾ ಜೊತೆ ಒಟ್ಟಿಗೆ ಬಿದ್ದರೆ ಎರಡೂ ಒಂದೇ ಕಡೆ ಇವೆ. ಎರಡೇ ಒಟ್ಟಿಗೆ ಬಿದ್ದು ಮೂರು ಪೆಟ್ಟು ಖಾಲಿ ಜಾಗದಲ್ಲಿ ಬಿದ್ದರೆ ಒಂದು ತಿರುಗಿದೆ. ಐದಕ್ಕೆ ಐದೂ ಸೇರಿದರೆ ನೀವು ಹಾಕಿದ್ದು ರುಂಬಾ ಕ್ಲಾವೆ. ಕಿವಿಗೆ ಗೊಂದಲ ಆದಾಗಲೂ ಈ ಲೆಕ್ಕ ಕೈ ಕೊಡುವುದಿಲ್ಲ. ವೇವ್‌ಫಾರ್ಮ್ ದೊಡ್ಡದು ಮಾಡಿ ಕಣ್ಣಿನಲ್ಲೇ ನೋಡಬಹುದು.

ಕಾಸ್ಕರಾ ಇಲ್ಲದ ಗ್ರೂವ್ ಆದರೆ ಕಿಕ್ ನೋಡಿ. ಮೂರರ ಕಡೆಯ ಎರಡನೇ ಪೆಟ್ಟಿಗೆ, ಅಂದರೆ 4ನೇ ಮಾತ್ರೆಗೆ, 'ಬೊಂಬೊ' ಅಂತ ಹೆಸರು. ಕಿಕ್ ಸಾಮಾನ್ಯವಾಗಿ ಅಲ್ಲಿ ಒತ್ತು ಕೊಡುತ್ತದೆ. ಆ ಒತ್ತು ಎರಡರ ಕಡೆಯ ಬಾರ್‌ನಲ್ಲಿ ಮಾತ್ರ ಕಾಣಿಸುತ್ತಿದ್ದರೆ ಉತ್ತರ ಸಿಕ್ಕಿತು ಅಂತ ಲೆಕ್ಕ. ಕಾಂಗಾದ ಮಾಮೂಲಿ ನಡೆಯಾದ ಟುಂಬಾವೊ ಈ ಕೆಲಸಕ್ಕೆ ಆಗುವುದಿಲ್ಲ. ಅದು ಒಂದೇ ಬಾರ್‌ನಲ್ಲಿ ಮುಗಿಯುತ್ತದೆ, ಎರಡು ಕಡೆಗೂ ಹಾಗೇ ಹೊಂದುತ್ತದೆ.

ಕಾರಣಗಳಲ್ಲಿ ಡ್ರಮ್ಮರ್ ತಪ್ಪು ಕಡೆಯಿಂದ ಎತ್ತಿಕೊಂಡದ್ದು ಒಂದು. ಆದರೆ ರೆಕಾರ್ಡಿಂಗ್‌ನಲ್ಲಿ ಅದಕ್ಕಿಂತ ಜಾಸ್ತಿ ಕಾಣುವುದು ಎಡಿಟ್‌ನ ತಪ್ಪು. ಗೆಳೆಯನೊಬ್ಬ ಒಂದು ಸೆಷನ್ ಕಳಿಸಿದ. "ಗುರೂ, ಮೂವತ್ಮೂರನೇ ಬಾರ್‌ನಿಂದ ಏನೋ ಆಗ್ತಿದೆ, ಕ್ರಾಸ್‌ಫೇಡ್ ಎಲ್ಲ ನೋಡ್ದೆ, ಸರಿ ಇದೆ" ಅಂದ. ಕ್ರಾಸ್‌ಫೇಡ್ (ಕತ್ತರಿಸಿದ ಜಾಗದ ಬೆಸುಗೆ) ನಿಜಕ್ಕೂ ಸರಿ ಇತ್ತು. 33ನೇ ಬಾರ್‌ನಲ್ಲಿ ಯಾರೋ ಕೆಮ್ಮಿದ್ದರು. ಆ ಒಂದು ಬಾರ್ ಕತ್ತರಿಸಿ ಹಿಂದಿನದಕ್ಕೆ ಮುಂದಿನದನ್ನು ಸೇರಿಸಿದ್ದ. ಹಾಡು 3-2, ಹಾಗಾಗಿ ಬೆಸ ಬಾರ್‌ಗಳೆಲ್ಲ ಮೂರರ ಕಡೆ, ಸಮ ಬಾರ್‌ಗಳೆಲ್ಲ ಎರಡರ ಕಡೆ. 33 ಹೋದ ಮೇಲೆ 32ರ ಬೆನ್ನಿಗೇ 34 ಬಂತು. ಎರಡರ ಕಡೆ ಆದ ಮೇಲೆ ಮತ್ತೆ ಎರಡರ ಕಡೆ. ಅಲ್ಲಿಂದ ಮುಂದೆ ಕಿಟ್ ಪೂರ್ತಿ ತಿರುಗಿ ಕೂತಿದೆ, ಜೊತೆಗಿರುವ ಕ್ಲಾವೆ ಲೂಪ್ ಮಾತ್ರ ತನ್ನ ಪಾಡಿಗೆ ಹೋಗುತ್ತಿದೆ. 29ನೇ ಬಾರ್ ಕಾಪಿ ಮಾಡಿ 33ರ ಜಾಗಕ್ಕೆ ಹಾಕಿದ್ದೇ, ಎಲ್ಲ ಸರಿಹೋಯಿತು. 30 ಹಾಕಿದ್ದರೆ ಆಗುತ್ತಿರಲಿಲ್ಲ. ಬಾರ್ ಎರವಲು ತರುವಾಗ ಅದೇ ಕಡೆಯ ಬಾರ್ ಆಗಿರಬೇಕು.

ಇದಕ್ಕೆ ನಿಯಮ ಸರಳ: ಕತ್ತರಿಸುವುದಾದರೆ ಎರಡೆರಡು ಬಾರ್ ಕತ್ತರಿಸಿ, ಸೇರಿಸುವುದಾದರೆ ಎರಡೆರಡು ಸೇರಿಸಿ. ಕೌಂಟ್-ಇನ್ (ಹಾಡು ಶುರುವಾಗುವ ಮೊದಲಿನ ಎಣಿಕೆ) ಒಂದೇ ಬಾರ್ ಇದ್ದರೆ ಬಾರ್ ನಂಬರ್‌ಗಳ ಲೆಕ್ಕವೂ ತಿರುಗುತ್ತದೆ, ಅದಕ್ಕೇ ನಾನು ಯಾವಾಗಲೂ ಎರಡು ಬಾರ್ ಕೌಂಟ್ ಕೊಡುತ್ತೇನೆ. ಟೈಮ್‌ಲೈನ್‌ನಲ್ಲಿ ಪ್ರತಿ ಭಾಗದ ತಲೆಗೆ 'ಮೂರರ ಕಡೆ', 'ಎರಡರ ಕಡೆ' ಅಂತ ಮಾರ್ಕರ್ ಹಾಕುವುದೂ ಒಳ್ಳೆಯದು. ಹಾಡಿನ ಒಂದು ಭಾಗ 3-2, ಇನ್ನೊಂದು ಭಾಗ 2-3 ಆಗಬೇಕಿದ್ದರೆ? ಕ್ಲಾವೆಯನ್ನು ತಿರುಗಿಸಬೇಡಿ. ಬೆಸ ಸಂಖ್ಯೆಯ ಬಾರ್‌ಗಳಿರುವ ಒಂದು ಸಾಲು ಬರೆಯಿರಿ. ಕ್ಲಾವೆ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಹಾಡು ಅದರ ಮೇಲೆ ತಿರುಗುತ್ತದೆ.

ರೆಡಿಮೇಡ್ ಲೂಪ್ ತಂದಿದ್ದರೆ ಇನ್ನೂ ಎರಡು ವಿಷಯ ನೋಡಿ. ಕೆಲವು ಲೂಪ್‌ಗಳು 100ರ ಟೆಂಪೋದಲ್ಲಿ ಒಂದೇ ಬಾರ್‌ಗೆ ಇಡೀ ಕ್ಲಾವೆ ತುರುಕಿರುತ್ತವೆ. ಇನ್ನು ಕೆಲವು 200ರಲ್ಲಿ ಎರಡು ಬಾರ್‌ಗೆ ಹರಡಿರುತ್ತವೆ. ಕೇಳಲು ಎರಡೂ ಒಂದೇ. ಆದರೆ ಒಂದೇ ಸೆಷನ್‌ಗೆ ಎರಡನ್ನೂ ಎಳೆದು ತಂದರೆ ಸಾಫ್ಟ್‌ವೇರ್ ಒಂದನ್ನು ಅರ್ಧ ವೇಗಕ್ಕೆ ಹಿಗ್ಗಿಸಿಯೋ ದುಪ್ಪಟ್ಟು ವೇಗಕ್ಕೆ ಕುಗ್ಗಿಸಿಯೋ ಹಾಳು ಮಾಡುತ್ತದೆ. ಎರಡನೆಯದು, 'ಲ್ಯಾಟಿನ್' ಅಂತ ಹೆಸರಿರುವ ಫೋಲ್ಡರ್‌ನಲ್ಲಿ ಬ್ರೆಜಿಲ್‌ನ ಬೋಸಾ ನೋವಾ ಕೂಡ ಇರುತ್ತದೆ. ಅದರ ರಿಮ್ (ಡ್ರಮ್ಮಿನ ಅಂಚಿನ) ಪೆಟ್ಟು 1, 4, 7, 11, 14. ಕೊನೆಯ ಪೆಟ್ಟು 13 ಅಲ್ಲ, 14. ಸೋನ್ ಕ್ಲಾವೆ ಮೇಲೆ ಇದನ್ನು ಕೂರಿಸಿದರೆ ಕೊನೆಯ ಪೆಟ್ಟು ಎರಡೆರಡು ಸಲ ಬಿದ್ದಂತೆ ಕೇಳುತ್ತದೆ.

ಸ್ವಿಂಗ್ ಬಿಗಿಯಾಗಿದೆ

ಲಕ್ಷಣ: ರೈಡ್ (ಕಾಲ ಕಾಯುವ ದೊಡ್ಡ ಸಿಂಬಲ್) 'ಟಿಂಗ್, ಟಿಂಗ್-ಟ-ಟಿಂಗ್' ಅಂತ ಸರಿಯಾಗೇ ಇದೆ, ಆದರೆ ಮೆಷಿನ್ ನುಡಿಸಿದ ಹಾಗಿದೆ. ಹೆಚ್ಚಿನ ಸಲ ಇದು ಕ್ವಾಂಟೈಸ್ ಮಾಡಿದ (ಪೆಟ್ಟುಗಳನ್ನು ಗ್ರಿಡ್ ಗೆರೆಗೆ ಎಳೆದ) ಪಾಪ.

ಸ್ವಿಂಗ್ (ಜಾಝ್‌ನ ಉದ್ದ-ಗಿಡ್ಡ ಪೆಟ್ಟಿನ ತೂಗು) ಕಲಿಸುವಾಗ ತಿಶ್ರ ನಡೆ (ಬೀಟ್‌ಗೆ ಮೂರು ಮಾತ್ರೆ) ಇಟ್ಟುಕೊಳ್ಳುತ್ತಾರೆ. 'ತಕಿಟ'ದಲ್ಲಿ 'ಕಿ' ನುಂಗಿದರೆ ಆಯಿತು ಅನ್ನುತ್ತಾರೆ. ಮಧ್ಯಮ ಟೆಂಪೋಗೆ ಅದು ಹತ್ತಿರದ ಲೆಕ್ಕ. ಆದರೆ ನಿಜವಾದ ಡ್ರಮ್ಮರ್‌ಗಳ ಕೈಯಲ್ಲಿ ಈ ಅನುಪಾತ ಟೆಂಪೋ ಜೊತೆ ಬದಲಾಗುತ್ತದೆ. ನಿಧಾನ ಇದ್ದಾಗ ಚಿಕ್ಕ ಪೆಟ್ಟು ಮುಂದಿನ ಬೀಟ್‌ಗೆ ಇನ್ನೂ ಅಂಟಿಕೊಳ್ಳುತ್ತದೆ. ವೇಗ ಏರಿದಂತೆ ಎರಡೂ ಸಮವಾಗುತ್ತಾ ಹೋಗುತ್ತವೆ. ವೇಗದ ಹಾಡುಗಳಲ್ಲಿ ಆ ಚಿಕ್ಕ ಪೆಟ್ಟಿಗೂ ಮುಂದಿನ ಬೀಟ್‌ಗೂ ನಡುವಿನ ಅಂತರ ಸುಮಾರು 100 ಮಿಲಿಸೆಕೆಂಡ್ ಆಸುಪಾಸಿನಲ್ಲೇ ನಿಲ್ಲುತ್ತದೆ. 200ರ ಟೆಂಪೋದಲ್ಲಿ ಒಂದು ಬೀಟ್ 300 ಮಿಲಿಸೆಕೆಂಡ್. ಅಲ್ಲಿ 100 ಅಂದರೆ ಸರಿಯಾಗಿ ತಿಶ್ರ. 300ರಲ್ಲಿ ಬೀಟ್ ಬರೀ 200 ಮಿಲಿಸೆಕೆಂಡ್. ಅಲ್ಲಿ 100 ಅಂದರೆ ಪೂರ್ತಿ ಸಮ. ಆದ್ದರಿಂದ 280ರ ಹಾಡಿಗೆ ತಿಶ್ರದ ಸ್ವಿಂಗ್ ಗ್ರಿಡ್ ಹಾಕಿದರೆ ರೈಡ್ ಕುಪ್ಪಳಿಸುತ್ತದೆ, ಹರಿಯುವುದಿಲ್ಲ.

ಪರೀಕ್ಷೆ: ಕ್ವಾಂಟೈಸ್ ಮಾಡದ ಮೂಲ ಟೇಕ್ ತೆರೆಯಿರಿ. ರೈಡ್‌ನ ಚಿಕ್ಕ ಪೆಟ್ಟಿನಿಂದ ಮುಂದಿನ ಬೀಟ್‌ವರೆಗೆ ಎಷ್ಟು ಮಿಲಿಸೆಕೆಂಡ್ ಅಂತ ಹಾಡಿನ ಬೇರೆ ಬೇರೆ ಕಡೆ ಅಳೆಯಿರಿ. ಕ್ವಾಂಟೈಸ್ ಮಾಡಿದ್ದನ್ನೂ ಅಳೆಯಿರಿ. ಅಂತರ ಎಲ್ಲಿ ಹಾಳಾಗಿದೆ ಅಂತ ಅಲ್ಲೇ ಕಾಣುತ್ತದೆ.

ಪರಿಹಾರ: ಗ್ರಿಡ್‌ಗೆ ರೈಡ್ ಎಳೆಯಬೇಡಿ. ರೈಡ್‌ನಿಂದ ಗ್ರಿಡ್ ತೆಗೆಯಿರಿ. ಹಲವು ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಆಡಿಯೊದಿಂದ ಗ್ರೂವ್ ಟೆಂಪ್ಲೇಟ್ ತೆಗೆಯುವ ಸೌಲಭ್ಯ ಇದೆ. ಅದನ್ನು ತೆಗೆದು, ತೀರಾ ಹೊರಗೆ ಹೋದ ಪೆಟ್ಟುಗಳನ್ನು ಮಾತ್ರ ಅದಕ್ಕೆ ಸರಿಪಡಿಸಿ. ಬೀಬಾಪ್ (1940ರ ದಶಕದ ಹೊಸ ಜಾಝ್) ಕಾಲದಲ್ಲಿ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಕಾಲ ಕಾಯುವ ಕೆಲಸವನ್ನು ಕಿಕ್‌ನಿಂದ ರೈಡ್‌ಗೆ ಒಯ್ದರು. ಅಂದಿನಿಂದ ಜಾಝ್‌ನಲ್ಲಿ ಗಡಿಯಾರ ಇರುವುದು ರೈಡ್‌ನಲ್ಲಿ. ಗಡಿಯಾರವನ್ನೇ ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟರೆ ಏನಾಗುತ್ತದೆ, ಯೋಚನೆ ಮಾಡಿ.

ಕ್ಯೂಬನ್ ಭಾಗಕ್ಕೂ ಇದೇ ಎಚ್ಚರಿಕೆ ಬೇಕು. ರುಂಬಾ ನುಡಿಸುವವರು ಪೆಟ್ಟುಗಳನ್ನು ಪೂರ್ತಿ ಚತುರಶ್ರದಲ್ಲೂ (ಬೀಟ್‌ಗೆ ನಾಲ್ಕು ಮಾತ್ರೆ) ಇಡುವುದಿಲ್ಲ, ಪೂರ್ತಿ ತಿಶ್ರದಲ್ಲೂ ಇಡುವುದಿಲ್ಲ. ಎರಡರ ನಡುವೆ ಎಲ್ಲೋ ಇಡುತ್ತಾರೆ. ಕ್ವಾಂಟೈಸ್ ಅದನ್ನು 'ತಪ್ಪು' ಅಂದುಕೊಂಡು ಹತ್ತಿರದ ಗೆರೆಗೆ ಎಳೆಯುತ್ತದೆ, ರುಂಬಾದ ರುಚಿಯೇ ಹೋಗುತ್ತದೆ.

ಇನ್ನೊಂದು ಜಾಗ: ಕ್ಯೂಬನ್ ಭಾಗದಿಂದ ಸ್ವಿಂಗ್‌ಗೆ ದಾಟುವ ಹಾಡುಗಳು. 1947ರಲ್ಲಿ ಜಾಝ್ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ತಮ್ಮ ಬಿಗ್ ಬ್ಯಾಂಡ್‌ಗೆ ಹವಾನಾದ ಕಾಂಗಾ ವಾದಕ ಚಾನೊ ಪೊಸೊ ಅವರನ್ನು ಸೇರಿಸಿಕೊಂಡಾಗಿನಿಂದ ಈ ಬಗೆಯ ದಾಟುವಿಕೆ ಜಾಝ್‌ನಲ್ಲಿ ಮಾಮೂಲಿ. ದಾಟುವ ಬಾರ್‌ನಲ್ಲಿ ಡ್ರಮ್ಮರ್ ಸ್ವಿಂಗ್‌ಗೆ ಹೋಗಿದ್ದು ಕಾಂಗಾ ಇನ್ನೂ ನೇರ ಎಂಟರಲ್ಲಿ (ಸಮ ಅಂತರದ ಪೆಟ್ಟುಗಳಲ್ಲಿ) ಇದ್ದರೆ ಒಂದೆರಡು ಬೀಟ್ ಎರಡೂ ಡಿಕ್ಕಿ ಹೊಡೆಯುತ್ತವೆ. ಇದನ್ನು ಎಡಿಟ್ ಮಾಡಿ ಸರಿಮಾಡಲು ಹೋಗಬೇಡಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ದಾಟುವ ನಾಲ್ಕು ಬಾರ್ ಮಾತ್ರ ಮತ್ತೆ ನುಡಿಸಿ. 1980ರಲ್ಲಿ ಕ್ಯೂಬಾ ಬಿಟ್ಟು ಬಂದು ಮುಂದೆ ಗಿಲೆಸ್ಪಿ ಜೊತೆ ನುಡಿಸಿದ ಇಗ್ನಾಸಿಯೊ ಬೆರೊವಾ ಅವರ ಡ್ರಮ್ಮಿಂಗ್ ಕೇಳಿದರೆ, ಕೈಯಲ್ಲಿ ಸ್ವಿಂಗ್ ಇದ್ದಾಗಲೂ ಒಳಗೆ ಕ್ಲಾವೆ ಓಡುವುದು ಹೇಗೆ ಅಂತ ಅಂದಾಜು ಸಿಗುತ್ತದೆ.

ಕ್ಲಿಕ್ ಕಾಲೆಳೆಯುತ್ತಿದೆ

ಡ್ರಮ್ಮರ್ ಕ್ಲಿಕ್ (ಹೆಡ್‌ಫೋನ್‌ನಲ್ಲಿ ಕಾಲ ತೋರಿಸುವ ಟಿಕ್ ಸದ್ದು) ಇಲ್ಲದೆ ಚೆನ್ನಾಗಿ ನುಡಿಸುತ್ತಾರೆ, ಕ್ಲಿಕ್ ಹಾಕಿದ ಕೂಡಲೇ ಮರದ ಗೊಂಬೆ ಆಗುತ್ತಾರೆ. ತಪ್ಪು ಅವರದ್ದಲ್ಲ. ನಾಲ್ಕು ಬೀಟ್‌ಗೂ ಟಿಕ್ ಟಿಕ್ ಅನ್ನುವ ಕ್ಲಿಕ್ ಈ ಸಂಗೀತಕ್ಕೆ ಹೊಂದುವುದಿಲ್ಲ. ಸ್ವಿಂಗ್‌ಗೆ 2 ಮತ್ತು 4ರಲ್ಲಿ ಮಾತ್ರ ಕ್ಲಿಕ್ ಕೊಡಿ, ಹೈಹ್ಯಾಟ್ (ಜೋಡಿ ಸಿಂಬಲ್) ಕಾಲು ಬೀಳುವ ಜಾಗ ಅದೇ. ಕ್ಯೂಬನ್ ಗ್ರೂವ್‌ಗೆ ಕ್ಲಿಕ್ ತೆಗೆದು ಕ್ಲಾವೆಯನ್ನೇ ಹೆಡ್‌ಫೋನ್‌ಗೆ ಕೊಡಿ. ಅಡ್ಡ ಬೀಳುವ ದೋಷವೂ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

12/8ರ ಬೆಂಬೆ ಎಂಬ ಆಫ್ರೋ-ಕ್ಯೂಬನ್ ಲಯ ರೆಕಾರ್ಡ್ ಮಾಡುವಾಗ ಬೇರೆ ತೊಂದರೆ. ಅದರ ಬೆಲ್ 12 ಮಾತ್ರೆಯಲ್ಲಿ 1, 3, 5, 6, 8, 10, 12ರಲ್ಲಿ ಬೀಳುತ್ತದೆ. ಕಾಲಿಗೆ ಸಿಗುವ ಬೀಟ್ ಮೂರು ಮಾತ್ರೆಗೊಂದು, ಅಂದರೆ ನಾಲ್ಕು ಬೀಟ್, ತಿಶ್ರ ನಡೆ. ಆದರೆ ಸುಮಾರು ಸಾಫ್ಟ್‌ವೇರ್‌ಗಳು ಟೆಂಪೋವನ್ನು ಎರಡು ಮಾತ್ರೆಗೊಂದು ಬೀಟ್ ಅಂತ ಎಣಿಸುತ್ತವೆ. ನೀವು 120 ಅಂತ ಹಾಕಿದ್ದು ಕಾಲಿಗೆ 80 ಆಗಿ ಸಿಗುತ್ತದೆ, ಮೇಲಾಗಿ ಕ್ಲಿಕ್ ಅಡ್ಡಾದಿಡ್ಡಿ ಕೇಳುತ್ತದೆ. ಕ್ಲಿಕ್‌ನ ಬೀಟ್ ಅಳತೆಯನ್ನು ಮೂರು ಮಾತ್ರೆಗೆ ಬದಲಿಸಿ. ಆ ಆಯ್ಕೆ ಇಲ್ಲದಿದ್ದರೆ 4/4 ಇಟ್ಟು ತಿಶ್ರದ ಗ್ರಿಡ್ ಹಾಕಿಕೊಳ್ಳಿ.

ಕ್ಲಿಕ್ ಸದ್ದು ಓವರ್‌ಹೆಡ್‌ಗೆ ಸೋರುತ್ತಿದ್ದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ಹಾಡಿನ ಕೊನೆಯ ಸಿಂಬಲ್ ಆರುವ ಜಾಗದಲ್ಲಿ ಕ್ಲಿಕ್ ಮ್ಯೂಟ್ ಆಗುವಂತೆ ಮೊದಲೇ ಗುರುತು ಹಾಕಿ.

ಆಮೇಲೆ ಸೇರಿಸಿದ ಕಾಂಗಾ ಹಿಂದೆ ಬೀಳುತ್ತಿದೆ

ನುಡಿಸುವಾಗ ಸರಿ ಇತ್ತು, ಪ್ಲೇ ಮಾಡಿದರೆ ಪ್ರತಿ ಪೆಟ್ಟೂ ಒಂದೇ ಅಳತೆಯಲ್ಲಿ ತಡ. ಒಂದೇ ಅಳತೆ ಅನ್ನುವುದು ಇಲ್ಲಿ ಮುಖ್ಯ. ಮನುಷ್ಯ ತಡ ಮಾಡಿದರೆ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಆಗುತ್ತದೆ. ಮೆಷಿನ್ ತಡ ಮಾಡಿದರೆ ಎಲ್ಲ ಕಡೆ ಅಷ್ಟೇ.

48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಅಂದರೆ ಸುಮಾರು 2.7 ಮಿಲಿಸೆಕೆಂಡ್. 1024 ಅಂದರೆ 21ಕ್ಕೂ ಜಾಸ್ತಿ. ಸಾಫ್ಟ್‌ವೇರ್ ಇದನ್ನು ತಾನೇ ಹಿಂದಕ್ಕೆ ಎಳೆದು ಸರಿಪಡಿಸಬೇಕು. ಇಂಟರ್‌ಫೇಸ್‌ನ (ಮೈಕ್ ಮತ್ತು ಕಂಪ್ಯೂಟರ್ ನಡುವಿನ ಪೆಟ್ಟಿಗೆಯ) ಡ್ರೈವರ್ ತಪ್ಪು ಲೆಕ್ಕ ಕೊಟ್ಟರೆ ಅದಕ್ಕೂ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಒಂದು ಕೇಬಲ್ ಸಾಕು. ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದ್ದೇ ಇನ್‌ಪುಟ್‌ಗೆ ಚುಚ್ಚಿ. ಮೊದಲು ಸ್ಪೀಕರ್ ವಾಲ್ಯೂಮ್ ಇಳಿಸಿ, ಆ ಇನ್‌ಪುಟ್‌ನ ಮಾನಿಟರಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಕಿರುಚುತ್ತದೆ. ಟ್ರ್ಯಾಕ್ ಮೇಲಿರುವ ಕ್ಲಿಕ್ ಪ್ಲೇ ಮಾಡಿ ಅದನ್ನೇ ಹೊಸ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಎರಡರ ನಡುವೆ ಎಷ್ಟು ಸ್ಯಾಂಪಲ್ ವ್ಯತ್ಯಾಸ ಇದೆ ನೋಡಿ, ಅಷ್ಟನ್ನು ರೆಕಾರ್ಡಿಂಗ್ ಆಫ್‌ಸೆಟ್‌ನಲ್ಲಿ ತುಂಬಿ. ಈಗಾಗಲೇ ರೆಕಾರ್ಡ್ ಆಗಿರುವ ಕಾಂಗಾವನ್ನೂ ಟೈಮ್‌ಲೈನ್‌ನಲ್ಲಿ ಅಷ್ಟೇ ಎಡಕ್ಕೆ ಸರಿಸಿ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ನುಡಿಸಿದ ಟೇಕ್ ಇದ್ದರೆ? ಅದನ್ನು ಬಿಟ್ಟುಬಿಡಿ. ವೈರ್ ಇರುವ ಹೆಡ್‌ಫೋನ್ ಹಾಕಿ ಮತ್ತೆ ನುಡಿಸಿ.

ಎಲ್ಲ ಮೈಕ್ ತೆರೆದರೆ ಕಿಟ್ ತೆಳ್ಳಗಾಗುತ್ತಿದೆ

ಶಬ್ದ ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಸ್ನೇರ್‌ನಿಂದ (ಕೆಳಗೆ ತಂತಿ ಇರುವ ಡ್ರಮ್) ಒಂದು ಓವರ್‌ಹೆಡ್ 34 ಸೆಂಟಿಮೀಟರ್ ಜಾಸ್ತಿ ದೂರ ಇದ್ದರೆ, ಎರಡನ್ನೂ ಕೂಡಿದಾಗ 500 ಹರ್ಟ್ಸ್ ಸುತ್ತ ಒಂದು ಗುಳಿ ಬೀಳುತ್ತದೆ, ಅಲ್ಲಿಂದ ಮೇಲೆ ಇನ್ನೂ ಹಲವು. ಸ್ನೇರ್ ತೆಳ್ಳಗೆ ಕೇಳುವುದು ಅದಕ್ಕೇ.

ಒಂದು ದಾರ ತನ್ನಿ. ಒಂದು ತುದಿ ಸ್ನೇರ್ ನಡುವೆ ಹಿಡಿಸಿ, ಇನ್ನೊಂದನ್ನು ಎರಡೂ ಓವರ್‌ಹೆಡ್‌ಗೆ ಎಳೆದು ನೋಡಿ. ಎರಡೂ ದೂರ ಒಂದೇ ಆಗುವವರೆಗೆ ಸ್ಟ್ಯಾಂಡ್ ಸರಿಸಿ. ರೆಕಾರ್ಡಿಂಗ್ ಇಂಜಿನಿಯರ್ ಗ್ಲಿನ್ ಜಾನ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನದ ತಿರುಳೂ ಇದೇ: ಸ್ನೇರ್‌ನಿಂದ ಸಮದೂರದಲ್ಲಿ ಎರಡು ಮೈಕ್, ಜೊತೆಗೆ ಕಿಕ್‌ಗೊಂದು. ಇಂಥ ಗ್ರೂವ್‌ಗೆ ನಾನು ಇದಕ್ಕಿಂತ ಜಾಸ್ತಿ ಮೈಕ್ ಇಡುವುದು ಅಪರೂಪ. ಮೈಕ್ ಜಾಸ್ತಿ ಆದಷ್ಟೂ ದೋಷ ಹುಡುಕುವ ಜಾಗವೂ ಜಾಸ್ತಿ ಆಗುತ್ತದೆ.

ಸ್ನೇರ್ ಕೆಳಗೆ ಮೈಕ್ ಇದ್ದರೆ ಅದರ ಪೊಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಿ. ಕಾಂಗಾ ಕೆಳಗೆ ಇಟ್ಟಿದ್ದಕ್ಕೂ ಅದೇ. ಜಾಝ್ ಕಿಟ್‌ನ 18 ಇಂಚಿನ ಕಿಕ್‌ಗೆ ಮುಂದಿನ ಚರ್ಮದಲ್ಲಿ ತೂತು ಇಲ್ಲದಿದ್ದರೆ, ಮೈಕ್ ಹೊರಗೆ ನಿಂತಿರುತ್ತದೆ. ಅಲ್ಲಿ ನಿಯಮ ಹೇಳಲು ಆಗುವುದಿಲ್ಲ. ಓವರ್‌ಹೆಡ್ ಜೊತೆ ಕೇಳುತ್ತಾ ಪೊಲಾರಿಟಿ ಬಟನ್ ಒತ್ತಿ ನೋಡಿ, ಯಾವುದರಲ್ಲಿ ಕೆಳಗಿನ ಸದ್ದು ತುಂಬಿಕೊಳ್ಳುತ್ತದೋ ಅದನ್ನೇ ಇಟ್ಟುಕೊಳ್ಳಿ.

ನಮ್ಮ ಮನೆಗಳ ಆರ್‌ಸಿಸಿ ರೂಮುಗಳಲ್ಲಿ ಇನ್ನೊಂದು ಮೈಕ್ ಇದೆ ಅಂದುಕೊಳ್ಳಿ, ಅದೇ ಚಾವಣಿ. ಓವರ್‌ಹೆಡ್‌ನಿಂದ ಚಾವಣಿಗೆ 60 ಸೆಂಟಿಮೀಟರ್ ಇದ್ದರೆ ಮೇಲೆ ಹೋಗಿ ವಾಪಸ್ ಬರುವ ಸದ್ದು 3.5 ಮಿಲಿಸೆಕೆಂಡ್ ತಡವಾಗಿ ಅದೇ ಮೈಕ್‌ಗೆ ಬೀಳುತ್ತದೆ. ಇದಕ್ಕೆ ಪೊಲಾರಿಟಿ ಬಟನ್ ಕೆಲಸಕ್ಕೆ ಬರುವುದಿಲ್ಲ. ಮೈಕ್ ಕೆಳಗಿಳಿಸಿ, ಕಿಟ್‌ನ ನೆತ್ತಿ ಮೇಲೆ ಹಳೇ ಹಾಸಿಗೆಯನ್ನೋ ದಪ್ಪ ಕಂಬಳಿಯನ್ನೋ ಕಟ್ಟಿ. ಗೋಡೆಗೆಲ್ಲ ಫೋಮ್ ಹೊಡೆಯುವ ಮೊದಲು ಇದನ್ನು ಮಾಡಿ ನೋಡಿ.

ಗೇಟ್ ಮತ್ತು ಕಂಪ್ರೆಸರ್ ಗ್ರೂವ್ ತಿನ್ನುತ್ತಿವೆ

ಹಳೇ ಜಾಝ್ ಶೈಲಿಯಲ್ಲಿ ಕಿಕ್ ನಾಲ್ಕೂ ಬೀಟ್‌ಗೆ ಬೀಳುತ್ತದೆ, ಆದರೆ ಕೇಳಿಯೂ ಕೇಳದ ಹಾಗೆ. ಕಿಕ್ ಮೈಕ್ ಮೇಲೆ ರಾಕ್‌ಗೆ ಇಟ್ಟ ಗೇಟ್ ಇದ್ದರೆ ಅಷ್ಟೂ ಪೆಟ್ಟು ಮಾಯ. ಸ್ನೇರ್‌ನ ಸಣ್ಣ ಪೆಟ್ಟುಗಳ ಗತಿಯೂ ಅದೇ. ಸೊಂಗೊದಂಥ ಗ್ರೂವ್‌ನಲ್ಲಿ ಇದು ದೊಡ್ಡ ನಷ್ಟ. 1969ರಲ್ಲಿ ಹುಟ್ಟಿದ ಕ್ಯೂಬಾದ ಲೋಸ್ ವಾನ್ ವಾನ್ ಬ್ಯಾಂಡ್‌ನಲ್ಲಿ ಡ್ರಮ್ಮರ್ ಚಾಂಗಿಟೊ ಬೆಳೆಸಿದ ಆ ಶೈಲಿಯಲ್ಲಿ ಕಾಂಗಾ, ಟಿಂಬಾಲೆಸ್‌ನ (ಲೋಹದ ಮೈಯ ಜೋಡಿ ಡ್ರಮ್) ಮಾತುಗಳನ್ನು ಒಂದೇ ಕಿಟ್ ಆಡುತ್ತದೆ. ಸಣ್ಣ ಪೆಟ್ಟು ಹೋದರೆ ಅರ್ಧ ಮಾತು ಹೋದ ಹಾಗೆ. ಗೇಟ್ ತೆಗೆದುಹಾಕಿ. ಕೊಂಚ ಸೋರಿಕೆ ಇದ್ದರೆ ಇರಲಿ.

ಓವರ್‌ಹೆಡ್ ಮೇಲಿನ ಕಂಪ್ರೆಸರ್‌ಗೆ ಪರೀಕ್ಷೆ ಸುಲಭ. ಪ್ರತಿ ಕಿಕ್ ಬಿದ್ದಾಗ ರೈಡ್ ಒಳಗೆ ಹೋಗಿ ಹೊರಗೆ ಬರುತ್ತಿದ್ದರೆ, ಅದು ಸಿಂಬಲ್ ಅಲ್ಲ, ಕಂಪ್ರೆಸರ್.

ರೈಡ್, ಕೌಬೆಲ್, ಕಾಂಗಾ: ಬಿಡಿ ದೂರುಗಳು

ರೈಡ್ ಎಲ್ಲವನ್ನೂ ನುಂಗುತ್ತಿದ್ದರೆ ಮೊದಲು ಕಡ್ಡಿ ನೋಡಿ. ಭಾರದ ಕಡ್ಡಿಯಲ್ಲಿ ಅಂಚಿನ ಕಡೆ ಹೊಡೆದರೆ 'ಶ್‌ಶ್' ಅನ್ನುವ ಹೊಗೆಯೇ ಜಾಸ್ತಿ, 'ಟಿಂಗ್' ಕಡಿಮೆ. ಹಗುರ ಕಡ್ಡಿ, ಗುಬ್ಬಿಗೂ (ಸಿಂಬಲ್ ನಡುವಿನ ಉಬ್ಬು) ಅಂಚಿಗೂ ನಡುವಿನ ಜಾಗ, ಕಡ್ಡಿಯ ತುದಿ ಮಾತ್ರ. ಆಮೇಲೂ ಜಾಸ್ತಿ ಇದ್ದರೆ ಓವರ್‌ಹೆಡ್‌ನ ಮುಖವನ್ನು ರೈಡ್‌ನಿಂದ ಸ್ನೇರ್ ಕಡೆಗೆ ತಿರುಗಿಸಿ.

ಕೌಬೆಲ್ ಕಿವಿ ಚುಚ್ಚಿದರೆ ಈಕ್ಯೂ ಹಾಕುವ ಮೊದಲು ಒಂದು ತುಂಡು ಬಟ್ಟೆ ಟೇಪ್ ಒಳಗೋಡೆಗೆ ಅಂಟಿಸಿ. ಟೋನ್ ಬೇಕಾದರೆ ಬಾಯಿಯ ಅಂಚಿಗೆ ಕಡ್ಡಿಯ ಮೈಯಿಂದ ಹೊಡೆಯಬೇಕು. ಟಿಂಬಾಲೆಸ್ ಇಲ್ಲದವರು ಕಾಸ್ಕರಾವನ್ನು ಫ್ಲೋರ್ ಟಾಮ್‌ನ (ನೆಲದ ಮೇಲೆ ನಿಲ್ಲುವ ಡ್ರಮ್) ಮೈ ಮೇಲೆ ನುಡಿಸುತ್ತಾರೆ. ಸದ್ದು ಮರದ್ದು, ಟಿಂಬಾಲೆಸ್‌ನ ಲೋಹದ ಮಿಂಚು ಬರುವುದಿಲ್ಲ. ಟಾಮ್‌ನ ಹೊದಿಕೆಯೂ ಹಾಳಾಗುತ್ತದೆ. ಮುಚ್ಚಿದ ಹೈಹ್ಯಾಟ್ ಮೇಲೆ ನುಡಿಸಿದರೆ ಮಿಕ್ಸ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಇನ್ನು, ಟಾಮ್ ನುಡಿಸುವಾಗಲೆಲ್ಲ ಸ್ನೇರ್ 'ಝೀ' ಅಂದರೆ ಆ ಭಾಗಕ್ಕೆ ಸ್ನೇರ್ ವೈರ್ ಕಳಚಿಬಿಡಿ. ಸ್ನೇರ್ ಆಗ ಮೂರನೇ ಟಾಮ್ ಆಗಿ ಒಳ್ಳೇ ಕೆಲಸ ಮಾಡುತ್ತದೆ.

ಕಾಂಗಾದ ಓಪನ್ ಪೆಟ್ಟು 'ದುಂ' ಅನ್ನದೆ 'ದಪ್' ಅಂದರೆ ನೆಲ ನೋಡಿ. ಕಾಂಗಾದ ತಳ ತೆರೆದಿರುತ್ತದೆ, ಕೆಳಗಿನ ಸದ್ದು ಅಲ್ಲಿಂದಲೇ ಹೊರಬರಬೇಕು. ದಪ್ಪ ಜಮಖಾನದ ಮೇಲೆ ನೇರ ಇಟ್ಟರೆ ಬಾಯಿ ಮುಚ್ಚಿದಂತೆ. ಸ್ಟ್ಯಾಂಡ್ ಮೇಲೆ ಇಡಿ, ಇಲ್ಲವೇ ಕಾಲಿನ ನಡುವೆ ವಾಲಿಸಿ ಹಿಡಿದುಕೊಳ್ಳಿ. ಮಳೆಗಾಲದಲ್ಲಿ ನಿಜವಾದ ಚರ್ಮದ ಕಾಂಗಾ ತೇವ ಹೀರಿ ಸಡಿಲ ಆಗುತ್ತದೆ. ಮೊದಲ ಟೇಕ್‌ಗೂ ಕೊನೆಯ ಟೇಕ್‌ಗೂ ಸ್ಥಾಯಿ ಬದಲಾಗಿರುತ್ತದೆ. ಪ್ರತಿ ಟೇಕ್‌ಗೂ ಮೊದಲು ಫೋನ್‌ನ ಟ್ಯೂನರ್ ಹಿಡಿದು ನೋಡಿ, ಮುಗಿದ ಮೇಲೆ ಬೋಲ್ಟ್ ಸಡಿಲ ಮಾಡಿ ಇಡಿ. ಒಣ ಹವೆ ಬಂದಾಗ ಚರ್ಮ ತಾನೇ ಬಿಗಿದು ಹರಿದೀತು. ಗೇನ್ (ಮೈಕ್‌ನ ಸದ್ದಿನ ಮಟ್ಟ) ಇಡುವಾಗ ಡ್ರಮ್ಮರ್‌ಗೆ ಟುಂಬಾವೊ ನುಡಿಸಿ ಅನ್ನಬೇಡಿ, ಅತಿ ಜೋರಾದ ಸ್ಲ್ಯಾಪ್ (ಚಟ್ ಅನ್ನುವ ಕೈ ಏಟು) ಹೊಡೆಯಿರಿ ಅನ್ನಿ. ಒಡೆಯುವುದು ಅದೇ.

ಗುಂಯ್ ಅನ್ನುವ ಸದ್ದು

50 ಅಥವಾ 100 ಹರ್ಟ್ಸ್‌ನ ಗುಂಯ್ ಇದ್ದರೆ ಮೈನ್ಸ್‌ನಿಂದ ಬಂದದ್ದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಹೋದರೆ ಅರ್ತ್ ಸಮಸ್ಯೆ, ಎಲ್ಲ ಸಾಮಾನನ್ನೂ ಒಂದೇ ಬೋರ್ಡ್‌ಗೆ ಹಾಕಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಕಿತ್ತುಹಾಕಬೇಡಿ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಬಂದರೆ ಕರೆಂಟು ಬರುವವರೆಗೆ ಕಾಯಿರಿ. ಫ್ಯಾನ್‌ನ ಗಾಳಿ ಓವರ್‌ಹೆಡ್‌ಗೆ ತಾಗಿದರೂ ತಳದಲ್ಲಿ ಗುಡುಗಿನಂಥ ಸದ್ದು ಬರುತ್ತದೆ. ಟೇಕ್ ಆಗುವಷ್ಟು ಹೊತ್ತು ಬೆವರಲೇಬೇಕು.

ಫೈಲ್ ಕಳಿಸಿದ ಮೇಲೆ ಗ್ರೂವ್ ನಿಧಾನ ಆಯಿತು

ನಿಮ್ಮ ಹತ್ತಿರ ಸರಿ ಇದೆ, ಬೇಸ್ ನುಡಿಸುವವರ ಕಂಪ್ಯೂಟರ್‌ನಲ್ಲಿ ಡ್ರಮ್ ಭಾರವಾಗಿ, ಸ್ಥಾಯಿ ಇಳಿದು ಕೇಳುತ್ತಿದೆ. ಇದು ಸ್ಯಾಂಪಲ್ ರೇಟ್ ಗಲಾಟೆ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದ ಫೈಲನ್ನು ಬದಲಾಯಿಸದೆ 44.1ರ ಸೆಷನ್‌ಗೆ ಹಾಗೇ ಎಳೆದಿದ್ದಾರೆ. ಟೆಂಪೋ ಸುಮಾರು 8 ಶೇಕಡ ಬೀಳುತ್ತದೆ, ಸ್ಥಾಯಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಕಾಂಗಾ ಒಂದು ಅಳತೆ ದೊಡ್ಡದಾದ ಹಾಗೆ ಕೇಳುವುದು ಅದಕ್ಕೇ. ಟೈಮ್-ಸ್ಟ್ರೆಚ್ ಮಾಡಿ ಸರಿಪಡಿಸಲು ಹೋಗಬೇಡಿ, ಪೆಟ್ಟಿನ ಮೊನೆ ಮೊಂಡಾಗುತ್ತದೆ. ಅವರಿಗೆ ಸೆಷನ್ ರೇಟ್ 48ಕ್ಕೆ ಇಟ್ಟು ಮತ್ತೆ ಇಂಪೋರ್ಟ್ ಮಾಡಲು ಹೇಳಿ, ಇಲ್ಲವೇ ನೀವೇ ಸರಿಯಾಗಿ 44.1ಕ್ಕೆ ಬದಲಿಸಿ ಕಳಿಸಿ. ಖಚಿತ ಮಾಡಿಕೊಳ್ಳಲು ಟೆಂಪೋ ಎಣಿಸಿ: 120ರಲ್ಲಿ ನುಡಿಸಿದ್ದು ಅವರ ಕಡೆ 110.25 ಬಂದಿದ್ದರೆ ದೋಷ ಇದೇ.